ಮಯಾಕನಿಗೆ ಎರಡು ತುಂಡು ಸಕ್ಕರೆ

ಮಯಾಕ್ ಸತ್ತ ಸುದ್ದಿ ಬಂದ ದಿನ ಅವತಾಕ್ ಹೊಟ್ಟೆ ತುಂಬ ಉಂಡು, ಕಾಲು ಚಾಚಿ ನಿದ್ದೆ ಹೊಡೆದ. ಇದನ್ನು ಅವನು ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ. ಹೇಳಿಕೊಳ್ಳುವಂಥ ಮಾತೂ ಅಲ್ಲ ಬಿಡಿ. ಊರಿಗೆ ಊರೇ ಅಳುತ್ತಿತ್ತು. ಕಡಲು ಆಗತಾನೆ ಹೆಪ್ಪುಗಟ್ಟುತ್ತಿದ್ದ ದಿನಗಳವು. ಸೂರ್ಯ ಆ ವರ್ಷದ ಕೊನೆಯ ಸಲ ಮುಖ ತೋರಿಸಿ ಗುಡ್ಡದ ಹಿಂದಕ್ಕೆ ಹೋಗಿಯಾಗಿತ್ತು. ಎಳೆಯ ಮಂಜುಗಡ್ಡೆಯ ಮೇಲೆ ನಾಯಿಬಂಡಿ ಓಡಿಸಿದ ಮಯಾಕ್ ಬಂಡಿಯ ಸಮೇತ ನೀರೊಳಗೆ ಹೋದ. ಹಗ್ಗ ಹರಿದುಕೊಂಡ ನಾಯಿಗಳು ಮಾತ್ರ ಮೈತುಂಬ ಹಿಮದ ಹರಳು ಹೊತ್ತು ಊರಿಗೆ ಮರಳಿದವು. ಅವನ ತಾಯಿ ಬೆಬಿಯಾನೆ ದಡದಲ್ಲಿ ಕೂತು ಒಂದೊಂದೇ ನಾಯಿಯ ಮೈ ಒರೆಸಿದಳು.

ಮಯಾಕ್ ಏನು ಅವತಾಕನಿಗೆ ಶತ್ರುವಾಗಿರಲಿಲ್ಲ. ಅದೇ ತೊಂದರೆ. ಶತ್ರುವಾಗಿದ್ದರೆ ಎದುರು ನಿಂತು ಜಗಳವಾಡಬಹುದಿತ್ತು. ಇವನು ಚಿಕ್ಕಂದಿನಿಂದ ಜೊತೆಗೇ ಬೆಳೆದವನು, ಒಂದೇ ಬಿಳಿಕರಡಿಯ ಹಿಂದೆ ಜೊತೆಯಲ್ಲಿ ಓಡಿದವನು. ಎತ್ತರದ ಆಳು, ನೋಡಲು ಚೆಲುವ. ಚಾಟಿ ಬೀಸಿದರೆ ನಾಯಿಯ ಕಿವಿಗೆ ಗಾಳಿ ಮಾತ್ರ ತಾಗಬೇಕು, ಹಾಗೆ ಬೀಸುತ್ತಿದ್ದ. ನಕ್ಕರೆ ತಲೆಯನ್ನು ಒಂದು ಕಡೆ ವಾಲಿಸಿಕೊಂಡು ನಗುತ್ತಿದ್ದ. ತಬಿತಾಳನ್ನು ಮದುವೆಗೆ ಮೊದಲು ಕೇಳಿದವನೂ ಅವನೇ; ಅವಳಪ್ಪನ ಮನೆ ಬಾಗಿಲಿಗೆ ತಾನು ಬೇಟೆಯಾಡಿದ ಒಂದು ದೊಡ್ಡ ಸೀಲ್ ಪ್ರಾಣಿಯನ್ನು ಕಡಲಿಂದ ಎಳೆದು ತಂದು ಹಾಕಿದ್ದ. ಆದರೂ ಅವಳು ಅವತಾಕನನ್ನು ಕಟ್ಟಿಕೊಂಡಳು. ಯಾಕೆಂದು ಅವನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಮಯಾಕ್ ಆಮೇಲೆ ಮದುವೆಯನ್ನೇ ಆಗಲಿಲ್ಲ. ಯಾರಾದರೂ ಕೆಣಕಿದರೆ, "ನಾನೇನು ಸೋತಿಲ್ಲ ಕಣ್ರೋ, ಕಾಯ್ತಾ ಇದ್ದೀನಿ ಅಷ್ಟೇ," ಎಂದು ಅವತಾಕನ ಬೆನ್ನಿಗೇ ಗುದ್ದಿ ನಗುತ್ತಿದ್ದ. ಅವತಾಕನೂ ನಗುತ್ತಿದ್ದ. ಒಳಗೆ ಕರುಳು ಸುಡುತ್ತಿತ್ತು.

ಸಂಜೆಯಾದರೆ ಮಯಾಕ್ ಕಾಫಿಗೆ ಬರುವನು. ತಬಿತಾ ಗಂಡನ ಲೋಟಕ್ಕೆ ಒಂದು ತುಂಡು ಸಕ್ಕರೆ ಹಾಕುವಳು, ಮಯಾಕನ ಲೋಟಕ್ಕೆ ಅವನು ಕೇಳದೆಯೇ ಎರಡು. ಅಷ್ಟೇ, ಬೇರೇನೂ ಇಲ್ಲ. ಕಣ್ಣಾರೆ ಕಂಡದ್ದಾಗಲಿ ಕಿವಿಯಾರೆ ಕೇಳಿದ್ದಾಗಲಿ ಇನ್ನೇನೂ ಇಲ್ಲ. ಆದರೆ ಆ ಎರಡನೆಯ ತುಂಡು ವರ್ಷಗಟ್ಟಲೆ ಅವತಾಕನ ಗಂಟಲಲ್ಲಿ ಸಿಕ್ಕಿಕೊಂಡಿತ್ತು. "ಅವನಿಗೆ ಯಾಕೆ ಎರಡು?" ಎಂದು ಒಮ್ಮೆ ತಡೆಯಲಾರದೆ ಕೇಳಿಯೂ ಬಿಟ್ಟ. "ಅವನಿಗೆ ಎರಡು ಬೇಕು," ಎಂದಳು ತಬಿತಾ, ಇದೆಂಥ ಪ್ರಶ್ನೆ ಎನ್ನುವ ಹಾಗೆ. ಅದೂ ಒಂದು ಉತ್ತರವೇ?

ಈಗ ಅವನು ಹೋದ. ಇನ್ನು ಮನೆ ತನ್ನದು, ಹೆಂಡತಿ ತನ್ನವಳು, ಹುಟ್ಟಲಿರುವ ಮಗು ತನ್ನದು ಎಂದುಕೊಂಡ ಅವತಾಕ್. ನೆಮ್ಮದಿ ಎಂದರೆ ಏನೆಂದು ಅವನಿಗೆ ಗೊತ್ತಾದದ್ದು ಆ ಕೆಲವೇ ದಿನ.

ಸೂರ್ಯ ಹುಟ್ಟದ ಕತ್ತಲ ತಿಂಗಳಲ್ಲಿ ಮಗು ಹುಟ್ಟಿತು. ಹೆಣ್ಣು. ಹುಟ್ಟಿದ್ದೇ ತಡ ಅಳಲು ಶುರು ಮಾಡಿತು. ಹಾಲು ಕುಡಿಯದು, ಮಲಗದು. ಎತ್ತಿಕೊಂಡರೂ ಅಳು, ಇಳಿಸಿದರೂ ಅಳು. ಮಗು ಹೀಗೆ ರಚ್ಚೆ ಹಿಡಿದರೆ ಅದಕ್ಕೆ ತನ್ನ ಹೆಸರು ಬೇಕಾಗಿದೆ ಎಂದೇ ಅರ್ಥ. ನಮ್ಮಲ್ಲಿ ಯಾವ ಮುದುಕಿಯನ್ನು ಕೇಳಿದರೂ ಹೇಳುತ್ತಾಳೆ. ಸತ್ತವರ ಹೆಸರು ಇರಲು ಮೈಯಿಲ್ಲದೆ ಅಲೆಯುತ್ತಿರುತ್ತದೆ, ಹುಟ್ಟುವ ಮಗುವನ್ನು ಹುಡುಕಿಕೊಂಡು ಬರುತ್ತದೆ. ಗಂಡಸಿನ ಹೆಸರು ಹೆಣ್ಣುಮಗುವಿಗೆ ಬಂದರೂ ಬಂತು, ಹೆಸರಿಗೆ ಗಂಡು ಹೆಣ್ಣು ಇಲ್ಲ. ಊರ ಹೆಂಗಸರು ಸೇರಿ ತಬಿತಾಳ ಅಜ್ಜಿಯ ಹೆಸರು ಹಿಡಿದು ಕರೆದರು, ಅವತಾಕನ ಅತ್ತೆಯ ಹೆಸರು ಕರೆದರು. ಮಗು ಕೆಂಪಗಾಗಿ ಇನ್ನೂ ಜೋರಾಗಿ ಕಿರುಚಿತು.

ಆಗ ಬೆಬಿಯಾನೆ ಬಂದಳು. ಯಾರೂ ಕರೆದಿರಲಿಲ್ಲ. ಬೆರಳನ್ನು ನೀರಿಗೆ ಅದ್ದಿ ಮಗುವಿನ ತುಟಿಗೆ ಒತ್ತಿ, "ಮಯಾಕ್, ನೀನೇನೋ?" ಎಂದಳು.

ಮಗು ಸುಮ್ಮನಾಯಿತು. ತಲೆಯನ್ನು ಒಂದು ಕಡೆ ವಾಲಿಸಿತು.

"ಬಂದ್ಯಾ ನನ್ನಪ್ಪಾ! ಎಷ್ಟು ಚಳಿ ಆಗಿತ್ತೋ ನಿಂಗೆ ಅಲ್ಲಿ!" ಎಂದು ಮುದುಕಿ ಮಗುವನ್ನು ಎದೆಗೊತ್ತಿಕೊಂಡು ಗೋಳೋ ಎಂದು ಅತ್ತಳು. ಹೆಂಗಸರೆಲ್ಲ ಅತ್ತರು, ನಕ್ಕರು. ತಬಿತಾಳೂ ಅತ್ತಳು. ಅವತಾಕ್ ಬಾಗಿಲ ಹತ್ತಿರ ನಿಂತು, ಹೊಟ್ಟೆಯ ಗಾಳಿ ಹೋಗಿರಬೇಕು, ಅದಕ್ಕೇ ಸುಮ್ಮನಾಗಿದೆ ಎಂದುಕೊಂಡ.

ಪಾದ್ರಿ ಬಂದು ರಾಕೆಲ್ ಎಂದು ಹೆಸರಿಟ್ಟು ತಲೆಗೆ ನೀರು ಹಾಕಿ ಹೋದ. ಅದು ಚರ್ಚಿನ ಪುಸ್ತಕದ ಹೆಸರು, ಪುಸ್ತಕದಲ್ಲೇ ಉಳಿಯಿತು. ಊರಿಗೆಲ್ಲ ಅವಳು ಮಯಾಕ್. ಬೆಬಿಯಾನೆ ಅವಳನ್ನು ಮಗನೇ ಎನ್ನುತ್ತಾಳೆ. ಸತ್ತವನ ಕರಡಿತೊಗಲಿನ ಚಲ್ಲಣವನ್ನು ಕತ್ತರಿಸಿ ಅವಳ ಅಳತೆಗೆ ಹೊಲಿದುಕೊಟ್ಟಳು, ಅವನ ಚಾಟಿ ತಂದು ಅವಳ ತಲೆದೆಸೆಯಲ್ಲಿ ತೂಗುಹಾಕಿದಳು. ಅವನ ನಾಯಿಗಳೂ ಇವಳ ಪಾಲಿಗೇ ಬಂದವು. ನಡೆಯಲು ಬಾರದ ಕೂಸಿಗೆ ನಾಯಿಗಳ ಹಿಂಡು! ಅವುಗಳಿಗೆ ಮಾಂಸ ಕಡಿದು ಹಾಕುವವನು ಯಾರು? ಅವತಾಕ್.

"ಏನಯ್ಯಾ ಅವತಾಕ್," ಎಂದ ಪಕ್ಕದ ಮನೆಯ ಗಿದಿಯೋನ್ ಒಂದು ದಿನ, ಬಾಯ್ತುಂಬ ತಿಮಿಂಗಿಲದ ತೊಗಲು ಜಗಿಯುತ್ತ. "ಕಾಯ್ತೀನಿ ಕಾಯ್ತೀನಿ ಅಂತಿದ್ದ. ನೋಡು, ಕಾದೂ ಕಾದೂ ಕೊನೆಗೆ ನಿನ್ನ ಹಾಸಿಗೇಲೇ ಮಧ್ಯ ಬಂದು ಮಲಗ್ದ!"

ಮನೆ ತುಂಬಿದ್ದ ಜನ ಬಿದ್ದು ಬಿದ್ದು ನಕ್ಕರು.

"ನೀನು ಆ ಕಡೆ ಸರ್ಕೊಂಡ್ಯೋ ಇಲ್ವೋ?" ಎಂದು ಇನ್ನೊಬ್ಬ ಸೇರಿಸಿದ.

"ಅವನೆಲ್ಲಿ ಸರೀತಾನೆ, ನಾನೂ ಮಯಾಕನೂ ಒತ್ತರಿಸ್ಕೊಂಡು ಮಲಗ್ತೀವಿ," ಎಂದು ತಬಿತಾಳೂ ಕಾಫಿ ಸುರಿಯುತ್ತ ನಕ್ಕಳು. ನಮ್ಮಲ್ಲಿ ಇಂಥ ಮಾತಿಗೆ ಯಾರೂ ಸಿಟ್ಟಾಗುವುದಿಲ್ಲ, ಸಿಟ್ಟಾದವನೇ ಹಗುರವಾಗುತ್ತಾನೆ. ಅದಕ್ಕೇ ಅವತಾಕ್ ಎಲ್ಲರಿಗಿಂತ ಜೋರಾಗಿ ನಕ್ಕ. ಹೊರಗೆ ಹೋಗಿ ಒಣಹಾಕಿದ್ದ ಸೀಲ್ ತೊಗಲನ್ನು ಕಾಲಿನಿಂದ ಒದ್ದ. ಮೈ ಪರಚಿಕೊಳ್ಳುವ ಹಾಗಾಗಿತ್ತು ಅವನಿಗೆ.

ಅಲ್ಲ, ಸತ್ತವನ ಮೇಲೆ ಹೊಟ್ಟೆಕಿಚ್ಚು ಪಟ್ಟರೂ ಪಡಬಹುದು. ತೊಟ್ಟಿಲ ಕೂಸಿನ ಮೇಲೆ, ಅದೂ ತನ್ನದೇ ರಕ್ತದ ಮೇಲೆ ಹೊಟ್ಟೆಕಿಚ್ಚು ಪಡುವವನನ್ನು ಏನೆನ್ನಬೇಕು? ಅವತಾಕ್ ತನ್ನನ್ನು ತಾನೇ ಛೀ ಥೂ ಎಂದುಕೊಂಡ. ಕಿಚ್ಚು ಆರಲಿಲ್ಲ. ಮಗು ಅವನ ಬೆರಳು ಹಿಡಿದರೆ ಕರಗಿ ನೀರಾಗುತ್ತಿದ್ದ. ಅದೇ ಮಗು ತಬಿತಾಳ ತೋಳಲ್ಲಿ ತಲೆ ವಾಲಿಸಿ ನಕ್ಕಿತೋ, ಸೆಟೆದುಕೊಳ್ಳುತ್ತಿದ್ದ. ಕೊನೆಗೆ ಒಂದು ಹಟ ಹಿಡಿದ. ಆ ಹೆಸರು ತನ್ನ ಬಾಯಲ್ಲಿ ಬರುವುದಿಲ್ಲ, ಅಷ್ಟೇ. "ಏ ಹುಡುಗೀ," ಎನ್ನುವನು. "ಬಾರೇ ಇಲ್ಲಿ," ಎನ್ನುವನು. ಮಾತು ಕಲಿತಳು, ಓಡಲು ಕಲಿತಳು, ಆರು ಚಳಿಗಾಲ ಕಳೆದಳು; ಅಪ್ಪನ ಬಾಯಿಂದ ಒಂದು ಸಲವೂ ತನ್ನ ಹೆಸರು ಕೇಳಲಿಲ್ಲ.

ಬೆಬಿಯಾನೆಗೆ ಇದು ಗೊತ್ತಾಗದೆ ಇರುತ್ತದೆಯೇ? ಒಂದು ದಿನ ನೇರವಾಗಿ ಬಂದು ಅವನೆದುರಿಗೇ ಕೂತಳು.

"ಬಾಯಲ್ಲಿ ಏನಿಟ್ಕೊಂಡಿದ್ದೀಯ ನೀನು? ನನ್ನ ಮಗನ ಹೆಸರು ಕರಿಯೋಕೆ ನಿಂಗೇನು ಕಷ್ಟ?"

"ಮಗಳು ನನ್ನವಳು ಅಜ್ಜಿ. ಹೆಂಗೆ ಬೇಕೋ ಹಂಗೆ ಕರೀತೀನಿ."

"ಹೂಂ, ಕರಿ. ಆದ್ರೆ ಒಂದು ತಿಳ್ಕೋ. ಹೆಸರಿಗೆ ಒಂದ್ಸಲ ಬೇಜಾರಾದ್ರೆ ಎದ್ದು ಹೋಗ್ಬಿಡುತ್ತೆ. ಹೋಗೋವಾಗ ಮಗೂನ ಬಿಟ್ಟು ಹೋಗಲ್ಲ, ಕೈ ಹಿಡ್ಕೊಂಡೇ ಹೋಗೋದು." ಎಂದವಳೇ ಹುಡುಗಿಯ ಕಡೆ ತಿರುಗಿ ದನಿ ತಗ್ಗಿಸಿದಳು. "ಮಗನೇ, ನಾನು ಹೇಳಿದ್ದು ನೆನಪಿದ್ಯೇನೋ? ಮಂಜುಗಡ್ಡೆ ಮೇಲೆ ಯಾರಾದ್ರೂ ಕೂಗಿದ್ರೆ?"

"ಹೆಸರು ಹಿಡಿದು ಕೂಗಿದ್ರೆ ಮಾತ್ರ ಓ ಅನ್ನೋದು," ಎಂದಳು ಹುಡುಗಿ ಪಾಠ ಒಪ್ಪಿಸುವಂತೆ.

"ಬರೀ ಹುಡುಗೀ ಅಂದ್ರೆ?"

"ಓ ಅನ್ನಲ್ಲ. ಅದು ಗುಡ್ಡದವನು."

ಮುನಿಸಿಕೊಂಡು ಊರು ಬಿಟ್ಟು ಗುಡ್ಡ ಸೇರಿದವರು ಮನುಷ್ಯರಾಗಿ ಉಳಿಯುವುದಿಲ್ಲ. ಮಂಜು ಮುಸುಕಿದಾಗ ಕೆಳಗಿಳಿದು ನಮ್ಮವರದೇ ದನಿಯಲ್ಲಿ ಕೂಗುತ್ತಾರೆ, ಹೆಸರು ಮಾತ್ರ ಅವರಿಗೆ ಗೊತ್ತಿರುವುದಿಲ್ಲ. ಇದನ್ನು ಕೇಳದೆ ಬೆಳೆದ ಮಗು ನಮ್ಮ ಕಡಲತೀರದಲ್ಲಿಲ್ಲ. ಅವತಾಕ್ ಮುದುಕಿಯ ಪುರಾಣ ಎಂದು ಗೊಣಗಿ ಬಂದೂಕು ಒರೆಸುತ್ತ ಕೂತ.

ವಸಂತ ಬಂತು. ಸೂರ್ಯ ಮುಳುಗುವುದನ್ನು ಬಿಟ್ಟ. ಸೀಲ್‌ಗಳು ಮಂಜುಗಡ್ಡೆಯ ಮೇಲೆ ಬಿಸಿಲಿಗೆ ಮೈ ಚಾಚಿ ಮಲಗುವ ಕಾಲ. ಹುಡುಗಿ ತಾನೂ ಬೇಟೆಗೆ ಬರುತ್ತೇನೆಂದು ಹಟ ಹಿಡಿದಳು. ಅವತಾಕ್ ಎಂದಿನಂತೆ ಆಗದು ಎಂದ.

"ಕರ್ಕೊಂಡು ಹೋಗು," ಎಂದಳು ತಬಿತಾ. "ಆ ನಾಯಿಗಳು ಮಯಾಕನ ಮಾತೇ ಕೇಳೋದು, ನಿನ್ನ ಮಾತಲ್ಲ. ನಿಂಗೆ ಚಾಟಿ ಬೀಸೋಕೆ ಬರಲ್ಲ ಅಂತ ಊರಿಗೇ ಗೊತ್ತು."

ತಮಾಷೆಗೆ ಹೇಳಿದ್ದಳು. ಅದು ನಾಟಬೇಕಾದ ಕಡೆಯೇ ನಾಟಿತು. ಅವತಾಕ್ ಹುಡುಗಿಯನ್ನು ಎತ್ತಿ ಬಂಡಿಯ ಮೇಲೆ ಕೂರಿಸಿದ.

ದಾರಿಯುದ್ದಕ್ಕೂ ಅವಳು ಹಾಡಿದಳು. ತನ್ನ ಮೈಗಿಂತ ಉದ್ದದ ಚಾಟಿಯನ್ನು ಎರಡೂ ಕೈಯಲ್ಲಿ ಹಿಡಿದು ಬೀಸಿದರೆ ಅದು ಅವಳಿಗೇ ಸುತ್ತಿಕೊಳ್ಳುವುದು, ಅವಳು ನಗುವಳು. ನಾಯಿಗಳು ಮಾತ್ರ ಓಡುತ್ತಲೇ ಇದ್ದವು. ಅವತಾಕನಿಗೂ ನಗು ಬಂತು. ಒಂದು ಗಳಿಗೆ ಅವನಿಗೆ ಎಲ್ಲ ಮರೆತೇ ಹೋಗಿತ್ತು. ಆ ಹೊತ್ತು ಅವನಷ್ಟು ಸುಖಿ ಯಾರೂ ಇರಲಿಲ್ಲ.

ದೂರದಲ್ಲಿ ಗಡ್ಡೆ ಬಾಯಿಬಿಟ್ಟು ಕಪ್ಪು ನೀರು ಕಾಣುತ್ತಿತ್ತು. ಅದರ ಈಚೆಗೆ ಬಂಡಿ ನಿಲ್ಲಿಸಿ, ಸ್ಟೌ ಹಚ್ಚಿ, ಹಿಮ ಕರಗಿಸಿ ಚಹಾ ಮಾಡಿದ. ಅವಳ ಲೋಟಕ್ಕೆ ಒಂದು ತುಂಡು ಸಕ್ಕರೆ ಹಾಕಿದ.

"ಎರಡು," ಎಂದಳು ಹುಡುಗಿ.

"ಯಾಕೆ ಎರಡು?"

"ನಂಗೆ ಎರಡು ಬೇಕು."

ಅವತಾಕನ ಕೈ ಅಲ್ಲೇ ನಿಂತಿತು. ಸುತ್ತ ನೋಡಿದ. ನಾಯಿಗಳು ಬಿಟ್ಟರೆ ಹರದಾರಿಗಟ್ಟಲೆ ನರಪಿಳ್ಳೆಯಿಲ್ಲ. ಊರಿನವರು ಸತ್ತವನ ವಿಷಯವನ್ನೆಲ್ಲ ಈ ಹುಡುಗಿಯನ್ನೇ ಕೇಳುವುದನ್ನು ಅವನು ನೋಡಿದ್ದ; ಆ ಕತ್ತಿ ಎಲ್ಲಿಟ್ಟಿದ್ಯೋ ಮಯಾಕ್, ನೀನು ಸತ್ತಾಗ ನೋವಾಯ್ತೇನೋ ಮಯಾಕ್, ಎಂದು. ಅವನೂ ಕೇಳಿದ.

"ಒಂದು ಮಾತು ಕೇಳ್ತೀನಿ. ನಿಜ ಹೇಳ್ಬೇಕು. ತಬಿತಾ ಮೇಲೆ ನಿಂಗೆ ಆಸೆ ಇತ್ತಾ?"

"ಅಮ್ಮನ ಮೇಲಾ? ಹೂಂ."

"ಅವಳಿಗೆ? ಅವಳಿಗೆ ನಿನ್ನ ಮೇಲೆ?"

"ಅಮ್ಮಂಗೆ ನನ್ ಮೇಲೆ ತುಂಬಾ ಆಸೆ. ನಿಂಗಿಂತ ಜಾಸ್ತಿ!" ಎಂದು ಅವಳು ತಲೆ ವಾಲಿಸಿ ನಕ್ಕಳು.

ಯಾವ ಮಗುವಾದರೂ ಹೇಳುವ ಮಾತು. ಅದು ಅವನಿಗೆ ತಿಳಿಯಲಿಲ್ಲವೆಂದಲ್ಲ, ಆದರೆ ಆ ನಗು ಕಂಡದ್ದೇ ಸಿಟ್ಟು ನೆತ್ತಿಗೇರಿತು. "ಹಂಗಿದ್ರೆ ನನ್ನ ಮನೆಗೇ ಯಾಕೆ ವಕ್ಕರಿಸಿದೆ? ಇಡೀ ಊರಲ್ಲಿ ಬೇರೆ ಮನೆ ಸಿಗಲಿಲ್ವಾ ನಿಂಗೆ? ಹೋಗು! ಬೇರೆ ಮನೆ ನೋಡ್ಕೋ ಹೋಗು!" ಎಂದು ಅರಚಿದ.

ಹುಡುಗಿಯ ನಗು ಆರಿಹೋಯಿತು. ಅಳಲಿಲ್ಲ. ಅವನು ಅವಳ ಕಡೆ ತಿರುಗಿಯೂ ನೋಡದೆ ಬಂದೂಕನ್ನೂ ಮರೆಗೆ ಹಿಡಿಯುವ ಬಿಳಿ ಪರದೆಯನ್ನೂ ಎತ್ತಿಕೊಂಡು ಸೀಲ್ ಮಲಗಿದ್ದ ಕಡೆ ನಡೆದ.

ಪರದೆಯ ಹಿಂದೆ ಹೊಟ್ಟೆಯ ಮೇಲೆ ತೆವಳಿಕೊಂಡು ಹೋಗುವಾಗ ಬೇಟೆಗಾರನಿಗೆ ಬೇರೆ ಯೋಚನೆ ಇರಬಾರದು. ಅವನಿಗೆ ಆ ನಗುವಿನದೇ ಯೋಚನೆ. ಗುಂಡು ತಪ್ಪಿತು, ಸೀಲ್ ಗಡ್ಡೆಯಲ್ಲಿದ್ದ ತನ್ನ ಉಸಿರಾಟದ ತೂತಿನೊಳಕ್ಕೆ ಜಾರಿತು. ಎದ್ದು ನೋಡಿದರೆ ಕಪ್ಪು ನೀರಿನ ಮೇಲಿಂದ ಮಂಜು ಎದ್ದು ಬರುತ್ತಿದೆ. ಬಂಡಿಯ ಹತ್ತಿರ ಬರುವ ಹೊತ್ತಿಗೆ ತನ್ನ ಕೈ ತನಗೇ ಮಸುಕಾಗಿ ಕಾಣುತ್ತಿತ್ತು. ನಾಯಿಗಳು ಇದ್ದವು. ಚಹಾದ ಲೋಟ ಇತ್ತು, ಕುಡಿದಿರಲಿಲ್ಲ. ಹುಡುಗಿ ಇರಲಿಲ್ಲ. ಚಾಟಿಯೂ ಇರಲಿಲ್ಲ.

ಬಂಡಿಯ ಸುತ್ತ ಒಂದು ಸುತ್ತು ಓಡಿದ.

"ಹುಡುಗೀ!" ಎಂದು ಕೂಗಿದ. ಉತ್ತರವಿಲ್ಲ. ಹಿಮ ಗಟ್ಟಿಯಾಗಿ ಹೆಪ್ಪಾಗಿತ್ತು, ಹೆಜ್ಜೆಯೂ ಮೂಡಿರಲಿಲ್ಲ. "ಏ ಹುಡುಗೀ! ಎಲ್ಲಿದ್ದೀಯೇ?" ಎಲ್ಲೋ ಹತ್ತಿರದಲ್ಲೇ ಗಡ್ಡೆಯ ಅಂಚನ್ನು ನೀರು ನೆಕ್ಕುವ ಸದ್ದು. "ಮಗೂ! ನನ್ನ ಕಂದಾ!" ಎಂದ. ಆ ಕಡೆ ಓಡಿದ, ಈ ಕಡೆ ಓಡಿದ, ಬಂಡಿಯೂ ತಪ್ಪಿಹೋದೀತೆಂದು ಹಿಂದಕ್ಕೆ ಬಂದ. "ರಾಕೆಲ್!" ಎಂದೂ ಕೂಗಿದ. ಆ ಹೆಸರು ಯಾರದೋ ಅನ್ನಿಸಿತು. ನಾಯಿಗಳು ತಲೆಯೆತ್ತಿ ಅವನನ್ನೇ ನೋಡುತ್ತಿದ್ದವು. ಈ ನಾಯಿಗಳೇ ಅಂದು ಒದ್ದೆ ಮೈಯಲ್ಲಿ ಒಡೆಯನಿಲ್ಲದೆ ದಡಕ್ಕೆ ಬಂದಿದ್ದವು.

ಆಗ ಮುದುಕಿಯ ಮಾತು ನೆನಪಾಯಿತು. ಎದ್ದು ಹೋಗುತ್ತೆ, ಕೈ ಹಿಡ್ಕೊಂಡೇ ಹೋಗೋದು. ಹೋಗು ಎಂದವನು ಯಾರು? ತಾನೇ. ತನ್ನ ಬಾಯಿಂದಲೇ ಅಟ್ಟಿದ್ದ.

ಬಾಯಿ ತೆರೆದ. ದನಿ ಹೊರಡಲಿಲ್ಲ. ಆರು ಚಳಿಗಾಲ ಹಲ್ಲು ಕಚ್ಚಿ ಒಳಗಿಟ್ಟದ್ದು ಕರೆದೊಡನೆ ಬಂದೀತೇ? ಮೊದಲು ಬರೀ ಉಸಿರಾಗಿ ಬಂತು. ಆಮೇಲೆ ಗೊಗ್ಗರಾಗಿ ಬಂತು. ಆಮೇಲೆ ಎದೆಯೊಡೆದು ಬಂತು.

"ಮಯಾಕ್! ಮಯಾ...ಕ್! ಬಾರೋ! ಮನೆಗೆ ಬಾರೋ ಮಯಾಕ್!"

"ಓ," ಎಂದಿತು ಒಂದು ಸಣ್ಣ ದನಿ.

ಹತ್ತು ಮಾರು ದೂರವೂ ಇರಲಿಲ್ಲ. ಒತ್ತಡಕ್ಕೆ ಎದ್ದು ನಿಂತ ಗಡ್ಡೆಯ ಚೂರುಗಳ ಮರೆಯಲ್ಲಿ, ಚಾಟಿಯನ್ನು ಎದೆಗವಚಿಕೊಂಡು ಕುಕ್ಕರುಗಾಲಲ್ಲಿ ಕೂತಿದ್ದಳು. ಅವಳಾಚೆಗೆ ಗಡ್ಡೆ ಮುಗಿದು ನೀರು. ಅವತಾಕ್ ಅವಳನ್ನು ಬಾಚಿಕೊಂಡು ಹಿಂದಕ್ಕೆ ಬಿದ್ದ.

"ಇಷ್ಟೊತ್ತು ಕೂಗ್ತಿದ್ದೀನಿ, ಓ ಅನ್ನೋಕೆ ಏನಾಗಿತ್ತು ನಿಂಗೆ?"

"ಯಾರೋ ಕೂಗ್ತಿದ್ರು," ಎಂದಳು ಅವಳು, ಹಲ್ಲು ಕಟಕಟ ಎನ್ನುತ್ತಿತ್ತು. "ಗುಡ್ಡದವನು ಅಂದ್ಕೊಂಡೆ. ನಿನ್ನ ಥರಾನೇ ಕೂಗ್ತಿದ್ದ. ಹೆಸರು ಗೊತ್ತಿರಲಿಲ್ಲ ಅವನಿಗೆ."

ಅವತಾಕ್ ಅವಳ ಕೈಯನ್ನು ತನ್ನ ಅಂಗಿಯೊಳಗೆ ಹೊಟ್ಟೆಗೆ ಒತ್ತಿಕೊಂಡ.

"ಎಲ್ಲಿಗೆ ಹೊರಟಿದ್ದೆ?"

"ಬೇರೆ ಮನೆಗೆ. ನೀನೇ ಹೇಳಿದ್ಯಲ್ಲ. ಆಮೇಲೆ ದಾರಿ ಕಾಣ್ಸಲಿಲ್ಲ." ಅವನ ಮುಖ ನೋಡಿ ಕೇಳಿದಳು, "ನಿಮ್ಮ ಮನೇಲೇ ಇರ್ಲಾ?"

"ಇರೋ ಮಯಾಕ್," ಎಂದ ಅವತಾಕ್. ಕಣ್ಣೀರು ಗಡ್ಡದಲ್ಲಿ ಹೆಪ್ಪುಗಟ್ಟುತ್ತಿತ್ತು. "ಇರು. ಎಲ್ಲೂ ಹೋಗ್ಬೇಡ."

ಮಂಜು ತೆಳುವಾಗುವ ತನಕ ಕಾದು ನಾಯಿ ಹೂಡಿದ. ದಾರಿಯುದ್ದಕ್ಕೂ ಆ ಹೆಸರು ಕರೆಯುತ್ತಲೇ ಬಂದ. ನಿದ್ದೆ ಮಾಡ್ಬೇಡ್ವೋ ಮಯಾಕ್, ಗಟ್ಟಿಯಾಗಿ ಹಿಡ್ಕೊಳೋ ಮಯಾಕ್. ಎಷ್ಟು ಕರೆದರೂ ಬಾಯಿ ಸುಡಲಿಲ್ಲ.

ಊರ ದಡದಲ್ಲಿ ತಬಿತಾ ನಿಂತಿದ್ದಳು. ಮಂಜಿನೊಳಗಿಂದ ಬಂಡಿಯ ಸದ್ದು ಮೊದಲು ಬಂತು, ಅದರ ಜೊತೆ ಗಂಡನ ದನಿ, "ಬಂತು ನೋಡೋ ಮಯಾಕ್, ಮನೆ ಬಂತು!" ಎಂದು. ಬಂಡಿ ಕಣ್ಣಿಗೆ ಬಿದ್ದಾಗ ತಬಿತಾಳ ಕಣ್ಣು ಹುಡುಗಿಯ ಮೇಲಿರಲಿಲ್ಲ. ಅವಳಿಗಿಂತ ಮೇಲೆ, ಬಂಡಿಯ ಮೇಲೆ ಒಬ್ಬ ಎತ್ತರದ ಗಂಡಸು ಕೂತರೆ ಅವನ ಮುಖ ಎಲ್ಲಿರಬೇಕೋ ಅಲ್ಲಿ ಹುಡುಕುತ್ತಿತ್ತು. ರೆಪ್ಪೆ ಬಡಿಯುವಷ್ಟು ಹೊತ್ತು. ಆಮೇಲೆ ಕೆಳಗಿಳಿದು ಮಗುವನ್ನು ಕಂಡಿತು.

ಅವತಾಕ್ ಅದನ್ನು ನೋಡಿದ. ಇಷ್ಟು ವರ್ಷ ಕೇಳಬೇಕೆಂದು ಒದ್ದಾಡಿದ್ದಕ್ಕೆ ಉತ್ತರ ಸಿಕ್ಕಿತು. ಹಳೆಯ ಉರಿ ಭಗ್ಗೆಂದು ಎದ್ದಿತು. ತೋಳಲ್ಲಿದ್ದ ಹುಡುಗಿ ಚಳಿಗೆ ನಡುಗುತ್ತ ಅವನ ಕತ್ತಿಗೆ ಇನ್ನೂ ಬಿಗಿಯಾಗಿ ಜೋತುಬಿದ್ದಳು.

"ಏನಾಯ್ತು? ಯಾಕೆ ಹೀಗಿದ್ದೀರಿ ಇಬ್ರೂ?" ಎಂದು ತಬಿತಾ ಓಡಿ ಬಂದಳು. "ಏನಂತ ಕೂಗಿದೆ ನೀನು ಈಗ?"

"ಚಹಾ ಇಡು ಮೊದ್ಲು," ಎಂದ ಅವತಾಕ್, ಹುಡುಗಿಯನ್ನು ಹೊತ್ತು ಮನೆಯ ಕಡೆ ನಡೆಯುತ್ತ. "ಮಯಾಕನಿಗೆ ಎರಡು ಸಕ್ಕರೆ ಹಾಕು."

ಬಾಗಿಲ ಹತ್ತಿರ ಹೋದವನು ನಿಂತು, ತಿರುಗಿ ಹೆಂಡತಿಯನ್ನು ನೋಡಿದ.

"ನನಗೂ ಎರಡು," ಎಂದ.